ಐವತ್ತರ ಲೆಕ್ಕ: ದೂರದರ್ಶನದ ಪರದೆಯ ಕಥೆ

ಹೊಸ ಟಿ.ವಿ.ಗೆ ಆಟದ ಯಂತ್ರ ಜೋಡಿಸುವ ಮಕ್ಕಳು ಎರಡು ಅಂಕಿಗಳನ್ನು ಆರಿಸಬೇಕಾಗುತ್ತದೆ. ಚಿತ್ರ ಎಷ್ಟು ಚುಕ್ಕೆಗಳಲ್ಲಿ ಮೂಡಬೇಕು ಎಂಬುದು ಒಂದು. ಸೆಕೆಂಡಿಗೆ ಎಷ್ಟು ಬಾರಿ ಅದು ಹೊಸದಾಗಬೇಕು ಎಂಬುದು ಇನ್ನೊಂದು. ಮೊದಲನೆಯದು ರೆಸಲ್ಯೂಷನ್, ಎರಡನೆಯದು ರಿಫ್ರೆಶ್ ರೇಟ್. 50, 60, 120 ಎಂಬ ಆ ಪಟ್ಟಿಯನ್ನು ಕಂಡು ‘ಇದೇನಪ್ಪ ಹೊಸ ಕಾಟ’ ಎಂದು ಹಿರಿಯರು ಗೊಣಗುವುದುಂಟು. ಆದರೆ ಆ ಐವತ್ತು ನಮ್ಮ ಹಳೆಯ ಪರಿಚಯದ್ದೇ. ನಾವು ಅದರ ಹೆಸರು ಕೇಳಿರಲಿಲ್ಲ, ಅಷ್ಟೆ.

ಈ ನಗರಕ್ಕೂ ದೂರದರ್ಶನಕ್ಕೂ ಇರುವ ನಂಟು ಹಳೆಯದು. 1950ರಲ್ಲಿ ಮದರಾಸಿನ ತೇನಾಂಪೇಟೆಯ ವಸ್ತುಪ್ರದರ್ಶನವೊಂದರಲ್ಲಿ ಬಿ. ಶಿವಕುಮಾರನ್ ಎಂಬ ಇಂಜಿನಿಯರಿಂಗ್ ವಿದ್ಯಾರ್ಥಿ ಒಂದು ಕಾಗದವನ್ನು ಯಂತ್ರದ ಮುಂದೆ ಹಿಡಿದು ಅದರ ಬಿಂಬವನ್ನು ಗಾಜಿನ ಕೊಳವೆಯ ಪರದೆಯ ಮೇಲೆ ತೋರಿಸಿದ. ದೆಹಲಿಯಲ್ಲಿ ಪ್ರಾಯೋಗಿಕ ಪ್ರಸಾರ ಆರಂಭವಾದದ್ದು 1959ರ ಸೆಪ್ಟೆಂಬರ್ 15ರಂದು. ಮದರಾಸಿಗೆ ನಿಲಯ ಬಂದದ್ದು 1975ರ ಆಗಸ್ಟ್ 15ರಂದು.

ಅದೇ ತಿಂಗಳ ಮೊದಲ ದಿನ ಮತ್ತೊಂದು ಪ್ರಯೋಗ ಆರಂಭವಾಗಿತ್ತು. ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಒಂದು ವರ್ಷ ಕಾರ್ಯಕ್ರಮಗಳು ಬಂದವು. ಅವುಗಳಲ್ಲಿ ಕರ್ನಾಟಕದ ಹಳ್ಳಿಗಳೂ ಇದ್ದವು, ಕನ್ನಡವೂ ಇತ್ತು. ಹೀಗಾಗಿ ಬೆಂಗಳೂರಿನವರು ತಮ್ಮೂರಿನ ನಿಲಯಕ್ಕಾಗಿ 1981ರ ನವೆಂಬರ್ 1ರವರೆಗೆ ಕಾಯುತ್ತಿದ್ದಾಗ, ಉತ್ತರ ಕರ್ನಾಟಕದ ಹಳ್ಳಿಗರು ಆಗಲೇ ಪರದೆಯ ಮೇಲೆ ಕನ್ನಡ ಕೇಳಿದ್ದರು! ಮದರಾಸಿನ ಕನ್ನಡಿಗರ ಪಾಡು ಬೇರೆ. ನಿಲಯ ಊರಲ್ಲೇ ಇತ್ತು, ಮಾತು ತಮಿಳು. ಮುಂದೆ 1980ರ ದಶಕದಲ್ಲಿ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರಗಳಲ್ಲಿ ಕನ್ನಡದ ಸರದಿ ಬಂದ ದಿನ ಊಟ ಬೇಗ ಮುಗಿಯುತ್ತಿತ್ತು, ಟಿ.ವಿ. ಇಲ್ಲದವರು ಇದ್ದವರ ಮನೆಗೆ ಚಾಪೆ ಹಿಡಿದು ಹೋಗುತ್ತಿದ್ದರು.

ಆ ಪರದೆಯ ಮೇಲೆ ಚಿತ್ರ ಮೂಡುತ್ತಿದ್ದುದು ಹೇಗೆ? ಕೊಳವೆಯೊಳಗಿನ ಎಲೆಕ್ಟ್ರಾನ್ ಕಿರಣವೊಂದು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಗೆರೆ ಎಳೆಯುತ್ತಿತ್ತು. ಯೂರೋಪಿನಂತೆ ನಮ್ಮಲ್ಲೂ ಒಂದು ಚಿತ್ರಕ್ಕೆ 625 ಗೆರೆ; ಅವುಗಳಲ್ಲಿ ಕಣ್ಣಿಗೆ ಕಾಣುವವು 576. ಸೆಕೆಂಡಿಗೆ 25 ಚಿತ್ರ. ಆದರೆ 25 ಬಾರಿ ಮಾತ್ರ ಬೆಳಗಿದರೆ ಪರದೆ ಮಿಣುಕುತ್ತದೆ. 50 ಪೂರ್ತಿ ಚಿತ್ರ ಕಳುಹಿಸೋಣವೆಂದರೆ ಆಕಾಶದಲ್ಲಿ ಅಷ್ಟು ಅಗಲದ ದಾರಿ ಇಲ್ಲ. ಇಂಜಿನಿಯರುಗಳು ಒಂದು ಉಪಾಯ ಹೂಡಿದರು. ಮೊದಲು 1, 3, 5 ಎಂದು ಬೆಸ ಗೆರೆಗಳು, ಆಮೇಲೆ 2, 4, 6 ಎಂದು ಸಮ ಗೆರೆಗಳು. ಹೀಗೆ ಅರ್ಧರ್ಧ ಚಿತ್ರ 50 ಬಾರಿ ಬಂತು. ಕಣ್ಣಿಗೆ ಮೋಸವಾಯಿತು, ದಾರಿಯೂ ಸಾಕಾಯಿತು.

ಐವತ್ತೇ ಏಕೆ? ಮನೆಯ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಏರಿಳಿಯುತ್ತದೆ. ಹಳೆಯ ಸೆಟ್ಟುಗಳಲ್ಲಿ ಆ ಏರಿಳಿತದ ನೆರಳು ಚಿತ್ರದೊಳಕ್ಕೆ ನುಸುಳುತ್ತಿತ್ತು. ಎರಡೂ ಒಂದೇ ಲೆಕ್ಕದಲ್ಲಿ ನಡೆದರೆ ನೆರಳು ನಿಂತಲ್ಲೇ ನಿಲ್ಲುತ್ತದೆ. ತಪ್ಪಿದರೆ ಪರದೆಯ ಮೇಲೆ ತೆವಳುತ್ತದೆ. ಅಮೆರಿಕದ ವಿದ್ಯುತ್ತು 60ರದ್ದು. ಅಲ್ಲಿಯ ದೂರದರ್ಶನ 525 ಗೆರೆ, 60 ಅರ್ಧಚಿತ್ರಗಳಿಗೆ ನಿಂತಿತು. ಸಿನಿಮಾ ಮಾತ್ರ ಎಲ್ಲೆಡೆ ಸೆಕೆಂಡಿಗೆ 24 ಚಿತ್ರ. ಐವತ್ತರ ಪದ್ಧತಿಯಲ್ಲಿ ಅದನ್ನು 25ರ ವೇಗದಲ್ಲಿ ಓಡಿಸುವುದು ವಾಡಿಕೆ. ಹಾಗೆ ಓಡಿಸಿದಾಗ ಎರಡೂವರೆ ಗಂಟೆಯ ಚಿತ್ರ ಆರು ನಿಮಿಷ ಮೊದಲೇ ಮುಗಿಯುತ್ತದೆ, ಹಾಡಿನ ಶ್ರುತಿಯೂ ಕೊಂಚ ಏರುತ್ತದೆ. ಸಂಗೀತದ ಕಿವಿಯುಳ್ಳ ಈ ಊರಿನಲ್ಲೂ ಅದನ್ನು ಗಮನಿಸಿದವರು ವಿರಳ.

ಟಿ.ವಿ.ಯನ್ನು ಆಟಕ್ಕೆ ಬಳಸುವುದೂ ಇಂದಿನದಲ್ಲ. ಮ್ಯಾಗ್ನವಾಕ್ಸ್ ಒಡಿಸ್ಸಿ ಎಂಬ ಯಂತ್ರ 1972ರಲ್ಲೇ ಅಮೆರಿಕದ ಮನೆಗಳಿಗೆ ಬಂತು. ಮುಂದೆ ಜಪಾನಿನಲ್ಲಿ ಅರವತ್ತರ ಲೆಕ್ಕಕ್ಕೆ ಬರೆದ ಆಟಗಳು ಐವತ್ತರ ದೇಶಗಳಿಗೆ ಬಂದಾಗ ಎಡವಟ್ಟಾಯಿತು. ತಿದ್ದದೆ ಬಿಟ್ಟ ಆಟಗಳು ಆರನೇ ಒಂದು ಪಾಲು ನಿಧಾನವಾಗಿ ಓಡಿದವು. ಮೇಲೆ ಕೆಳಗೆ ಕಪ್ಪು ಪಟ್ಟಿ ಉಳಿಯಿತು. ಅವನ್ನು ಆಡಿದ ಮಕ್ಕಳಿಗೆ ತಮಗೆ ಸಿಕ್ಕಿದ್ದು ಮಂದ ನಡೆಯ ಆಟವೆಂಬುದೇ ತಿಳಿಯಲಿಲ್ಲ. ಅಂಗಡಿಯಲ್ಲಿ ಕೊಟ್ಟ ಬೆಲೆಯೇನೂ ಕಡಿಮೆಯಾಗಿರಲಿಲ್ಲ.

ಇಂದಿನ ಚಪ್ಪಟೆ ಪರದೆಯಲ್ಲಿ ಗೆರೆ ಎಳೆಯುವ ಕಿರಣವಿಲ್ಲ, ಚುಕ್ಕೆಗಳು ಸ್ಥಿರವಾಗಿವೆ. 1920ಕ್ಕೆ 1080 ಎಂದರೆ ಸುಮಾರು 21 ಲಕ್ಷ ಚುಕ್ಕೆ. 3840ಕ್ಕೆ 2160 ಎಂದರೆ ಸುಮಾರು 83 ಲಕ್ಷ. ಆಟದ ಯಂತ್ರವನ್ನು ಆ ಪರದೆಯ ಸ್ವಂತ ಅಳತೆಗೆ ಇಟ್ಟರೆ ಚಿತ್ರ ಸ್ಪಷ್ಟ. ವೇಗವನ್ನು 60ಕ್ಕೆ, ಟಿ.ವಿ.ಗೆ ಶಕ್ತಿಯಿದ್ದರೆ 120ಕ್ಕೆ ಇಡಬೇಕು. 60ರಲ್ಲಿ ಹೊಸ ಚಿತ್ರಕ್ಕೆ ಸುಮಾರು 17 ಮಿಲಿಸೆಕೆಂಡು ಕಾಯಬೇಕು, 120ರಲ್ಲಿ ಅದರ ಅರ್ಧ. ಟಿ.ವಿ.ಯಲ್ಲಿ ‘ಗೇಮ್ ಮೋಡ್’ ಹಾಕಿದರೆ ಗುಂಡಿ ಒತ್ತಿದ್ದಕ್ಕೂ ಪರದೆ ಓಗೊಡುವುದಕ್ಕೂ ನಡುವಿನ ವಿಳಂಬ ತಗ್ಗುತ್ತದೆ. ಅಂಚು ಕತ್ತರಿಸಿದಂತೆ ಕಂಡರೆ ಅದು ಹಳೆಯ ಕೊಳವೆಯ ಕಾಲದ ರೂಢಿ. ಪರದೆಯ ಅಳತೆಯ ಪಟ್ಟಿಯಲ್ಲಿ ಅದನ್ನು ತೆಗೆಯಬಹುದು.

ಹಳೆಯ ಪೇಚು ಮಾತ್ರ ಹೋಗಿಲ್ಲ. 83 ಲಕ್ಷ ಚುಕ್ಕೆಗಳನ್ನು ಸೆಕೆಂಡಿಗೆ 120 ಬಾರಿ ಸಾಗಿಸಲು 2017ರಲ್ಲಿ ಬಂದ ಎಚ್.ಡಿ.ಎಂ.ಐ. 2.1 ಪದ್ಧತಿಯ ಕಿಂಡಿ, ಅದಕ್ಕೆ ತಕ್ಕ ಕೇಬಲ್ ಎರಡೂ ಬೇಕು. ಇಲ್ಲದಿದ್ದರೆ ಚುಕ್ಕೆಯನ್ನಾದರೂ ಬಿಡಬೇಕು, ವೇಗವನ್ನಾದರೂ ಬಿಡಬೇಕು. ಓಟದ ಆಟಕ್ಕೆ ವೇಗ ಮೇಲು, ನೋಟದ ಆಟಕ್ಕೆ ಚುಕ್ಕೆ ಮೇಲು. ಅರ್ಧರ್ಧ ಚಿತ್ರ ಕಳುಹಿಸಿದ ಆ ಇಂಜಿನಿಯರುಗಳು ತೂಗಿದ್ದೂ ಇದೇ ತಕ್ಕಡಿಯಲ್ಲಿ.

ಆದರೆ ಮೊಮ್ಮಗ ತನ್ನ ಯಂತ್ರವನ್ನು ಅರವತ್ತಕ್ಕೆ ಇಟ್ಟ ಉತ್ಸಾಹದಲ್ಲಿ ಸೆಟ್-ಟಾಪ್ ಪೆಟ್ಟಿಗೆಯನ್ನೂ ಅರವತ್ತಕ್ಕೆ ತಿರುಗಿಸುವುದು ಬೇಡ. ನಮ್ಮ ದೇಶದ ವಾಹಿನಿಗಳು ಇಂದಿಗೂ ಐವತ್ತರ ಲೆಕ್ಕದಲ್ಲೇ ಬರುತ್ತವೆ. ಅರವತ್ತಕ್ಕೆ ಹೊಂದಿಸಿದರೆ ಕ್ರಿಕೆಟ್ ಚೆಂಡು ತಡೆತಡೆದು ಓಡೀತು. ಒಂದೇ ಪರದೆ, ಎರಡು ಲೆಕ್ಕ. ಮೊಮ್ಮಗನ ಅರವತ್ತೂ ಸರಿ, ಅಜ್ಜನ ಐವತ್ತೂ ಸರಿ. ಯಾವುದು ಯಾವುದಕ್ಕೆ ಎಂಬುದು ತಿಳಿದಿದ್ದರೆ ರಿಮೋಟಿಗಾಗಿ ಆಗುವ ಜಗಳಗಳಲ್ಲಿ ಒಂದಾದರೂ ಕಡಿಮೆಯಾಗುತ್ತದೆ.