ಪರನಾಡಿನಿಂದ ಬಂದ ದೊರೆ: ಪೋಲೆಂಡಿನ ಸಂತ ಯಾದ್ವಿಗಾ

ಪೋಲೆಂಡ್ ದೇಶದ ಚರಿತ್ರೆಯಲ್ಲಿ ಪರನಾಡಿನಿಂದ ಬಂದು ಸಿಂಹಾಸನವೇರಿದ ಅರಸರು ಹಲವರಿದ್ದಾರೆ. ಅವರಲ್ಲಿ ಒಬ್ಬ ತಂದೆ ಹಾಗೂ ಆತನ ಮಗಳ ಆಳ್ವಿಕೆಗಳನ್ನು ಜೊತೆಗಿಟ್ಟು ನೋಡಿದರೆ, ಹೊರಗಿನವರು ಒಂದು ನಾಡಿಗೆ ಸ್ವಂತದವರಾಗುವ ಬಗೆ ಯಾವುದೆಂಬುದು ತಿಳಿದುಬರುತ್ತದೆ.

1370ರಲ್ಲಿ ಪೋಲೆಂಡಿನ ಮಹಾರಾಜ ಕಾಜಿಮಿರನು ಗಂಡುಸಂತಾನವಿಲ್ಲದೆ ಮೃತನಾದಾಗ, ಅವನ ಸೋದರಳಿಯನೂ ಹಂಗೆರಿಯ ಅರಸನೂ ಆದ ಲೂಯಿಯು ಆ ಕಿರೀಟವನ್ನೂ ಧರಿಸಿದನು. ಆದರೆ ಅವನ ವಾಸವೂ ಮನಸ್ಸೂ ಹಂಗೆರಿಯಲ್ಲೇ ಉಳಿದವು. ಪೋಲೆಂಡಿನ ಆಡಳಿತವನ್ನು ತನ್ನ ತಾಯಿ ಎಲಿಜಬೆತ್ ರಾಣಿಗೆ ಒಪ್ಪಿಸಿದನು. ಜನರಲ್ಲಿ ಅಸಮಾಧಾನ ಬೆಳೆಯಿತು. 1382ರಲ್ಲಿ ಲೂಯಿ ಕಾಲವಾದಾಗ ಅಲ್ಲಿನ ಸರದಾರರು ಒಂದೇ ನಿಬಂಧನೆಯನ್ನು ಮುಂದಿಟ್ಟರು: ಆತನ ಹೆಣ್ಣುಮಕ್ಕಳಲ್ಲಿ ಯಾರು ಪಟ್ಟವೇರಿದರೂ ತಮ್ಮ ನಾಡಿನಲ್ಲೇ ನೆಲೆಸತಕ್ಕದ್ದು.

ಹೀಗೆ ಬಂದವಳು ಕಿರಿಯ ಮಗಳು ಯಾದ್ವಿಗಾ. 1384ರ ಅಕ್ಟೋಬರ್ 16ರಂದು ಕ್ರಾಕೊವ್ ನಗರದಲ್ಲಿ ಆಕೆಗೆ ಪಟ್ಟಾಭಿಷೇಕವಾಯಿತು. ಆಗ ಆಕೆಗೆ ಹತ್ತು ಹನ್ನೊಂದರ ಪ್ರಾಯ. ಸ್ವತಃ ಆಳುವವಳೆಂದು ತೋರಿಸಲು ಆಕೆಯನ್ನು ರಾಣಿಯೆನ್ನದೆ 'ರಾಜ' ಎಂಬ ಬಿರುದಿನಿಂದಲೇ ಅಭಿಷೇಕಿಸಿದರು.

ಶೈಶವದಲ್ಲೇ ಆಕೆಗೆ ಆಸ್ಟ್ರಿಯದ ರಾಜಕುಮಾರ ವಿಲ್ಹೆಲ್ಮನೊಡನೆ ವಿವಾಹ ನಿಶ್ಚಯವಾಗಿತ್ತು. ಸರದಾರರಾದರೋ ಲಿಥುವೇನಿಯದ ಅರಸ ಯಾಗಿಯೆಲೊವನ್ನು ಬಯಸಿದರು. ಕ್ರೈಸ್ತನಲ್ಲದ ಆ ಅರಸನು ತಾನೂ ತನ್ನ ಜನರೂ ಧರ್ಮಸಭೆಯನ್ನು ಸೇರುವೆವೆಂದು ಮಾತು ಕೊಟ್ಟಿದ್ದನು. ಬಾಲೆ ಯಾದ್ವಿಗಾ ವಾವೆಲ್ ಪ್ರಧಾನಾಲಯದ ಶಿಲುಬೆಯ ಮುಂದೆ ಬಹುಕಾಲ ಪ್ರಾರ್ಥಿಸಿ ತನ್ನ ಇಚ್ಛೆಯನ್ನು ತೊರೆದಳೆಂದು ಪರಂಪರೆ ಹೇಳುತ್ತದೆ. 1386ರ ಫೆಬ್ರವರಿ 15ರಂದು ಯಾಗಿಯೆಲೊ ಜ್ಞಾನಸ್ನಾನ ಪಡೆದನು. ಮೂರು ದಿನಗಳ ಬಳಿಕ ವಿವಾಹ ನೆರವೇರಿತು. ಮರುವರ್ಷ ಲಿಥುವೇನಿಯ ಕ್ರಿಸ್ತವಿಶ್ವಾಸವನ್ನು ಸ್ವೀಕರಿಸತೊಡಗಿತು. ಹೀಗೆ ಪೋಲೆಂಡನ್ನು ಹಂಗೆರಿಯ ಕನ್ಯೆಯೂ ಲಿಥುವೇನಿಯದ ವರನೂ ಕೂಡಿ ಆಳಿದರು.

ಆ ನಾಡಿಗೆ ಯಾದ್ವಿಗಾ ಕೊಟ್ಟುದೇನು? ಲಿಥುವೇನಿಯದ ವಿದ್ಯಾರ್ಥಿಗಳಿಗಾಗಿ 1397ರಲ್ಲಿ ಪ್ರಾಗ್ ನಗರದಲ್ಲಿ ಒಂದು ವಿದ್ಯಾಲಯವನ್ನು ಸ್ಥಾಪಿಸಿದಳು. ಅದೇ ವರ್ಷ ಕ್ರಾಕೊವ್‌ನಲ್ಲಿ ದೈವಶಾಸ್ತ್ರ ವಿಭಾಗಕ್ಕೆ ಜಗದ್ಗುರು ಒಂಬತ್ತನೆಯ ಬೊನಿಫಾಸರ ಅನುಮತಿ ದೊರೆಯಿತು. ಕುಂದಿಹೋಗಿದ್ದ ಅಲ್ಲಿನ ವಿಶ್ವವಿದ್ಯಾನಿಲಯದ ಪುನರುತ್ಥಾನಕ್ಕೆ ತನ್ನ ಆಭರಣಗಳನ್ನೇ ಬರೆದುಕೊಟ್ಟಳು. ಆದರೆ 1399ರ ಜುಲೈ 17ರಂದು, ಹಡೆದ ಒಂದು ತಿಂಗಳೊಳಗೆ, ಶಿಶುವಿನ ಹಿಂದೆಯೇ ತಾನೂ ಕಣ್ಮುಚ್ಚಿದಳು. ಮರುವರ್ಷ ವಿಶ್ವವಿದ್ಯಾನಿಲಯ ಮತ್ತೆ ಆರಂಭವಾಯಿತು. ಆಕೆಯ ಸಮಾಧಿಯನ್ನು ತೆರೆದಾಗ ದೊರೆತ ರಾಜದಂಡವು ಮರದ್ದಾಗಿತ್ತು.

ತಂದೆಯು ಹನ್ನೆರಡು ವರ್ಷ ಆಳಿಯೂ ಹೊರಗಿನವನಾಗಿಯೇ ಉಳಿದನು. ಮಗಳನ್ನು ಆ ಜನ ತಮ್ಮವಳೆಂದು ಶತಮಾನಗಳಿಂದ ನೆನೆಯುತ್ತಿದ್ದಾರೆ. ಆಕೆಯ ಪಟ್ಟಾಭಿಷೇಕದ ದಿನಾಂಕವಾದ ಅಕ್ಟೋಬರ್ 16ರಂದೇ, 1978ರಲ್ಲಿ, ಕ್ರಾಕೊವ್‌ನ ಮಹಾಧರ್ಮಾಧ್ಯಕ್ಷರು ಎರಡನೆಯ ಜಾನ್ ಪೌಲರಾಗಿ ಆಯ್ಕೆಯಾದರು. ಅವರೂ ರೋಮಾಪುರಿಗೆ ಪರನಾಡಿನವರೇ. 1997ರ ಜೂನ್ 8ರಂದು ಅವರೇ ಕ್ರಾಕೊವ್‌ಗೆ ಬಂದು ಯಾದ್ವಿಗಾಳಿಗೆ ಸಂತಪದವಿಯನ್ನಿತ್ತರು.

ಪ್ರಿಯ ಭಕ್ತಾದಿಗಳೇ, ಈ ನೂರು ವರ್ಷಗಳಲ್ಲಿ ನಮ್ಮ ಧರ್ಮಕೇಂದ್ರಕ್ಕೂ ಬೇರೆ ಬೇರೆ ಊರುಗಳಿಂದ ಗುರುಗಳೂ ಕನ್ಯಾಸ್ತ್ರೀಯರೂ ಕುಟುಂಬಗಳೂ ಬಂದು ನೆಲೆಸಿವೆ. ಮೊದಲು ಬಂದವರಾರು, ಆಮೇಲೆ ಬಂದವರಾರು ಎಂಬ ಲೆಕ್ಕ ಕೆಲವೊಮ್ಮೆ ನಮ್ಮ ನಡುವೆಯೂ ತಲೆಯೆತ್ತುವುದುಂಟು. ಇಲ್ಲಿ ಹುಟ್ಟಿಯೂ ಲೂಯಿಯಂತೆ ದೂರವಿರಬಹುದು. ಎಲ್ಲಿಂದಲೋ ಬಂದು ಯಾದ್ವಿಗಾಳಂತೆ ಇಲ್ಲಿಯವರೇ ಆಗಬಹುದು. ಆ ಸಂತಳ ಬಿನ್ನಹದಿಂದ ನಮ್ಮೆಲ್ಲರಿಗೂ ಈ ಎರಡನೆಯ ಭಾಗ್ಯ ದೊರೆಯಲಿ.