ಬ್ಯಾಟ್‌ಮನ್ ಗುಹೆ ಯಾರದ್ದು?



ಇವತ್ತಿನ ಕತೆ ಒಂದು ಗುಹೆದು. ಮೇಲೆ ಶ್ರೀಮಂತ ಬ್ರೂಸ್ ವೇಯ್ನ್ ಬಂಗಲೆ, ಕೆಳಗೆ ಕತ್ತಲು, ಬಾವಲಿ, ಕಪ್ಪು ಕಾರು. ಹೌದು, ಬ್ಯಾಟ್‌ಕೇವ್. ಬ್ಯಾಟ್‌ಮನ್ ಹುಟ್ಟಿದ ದಿನದಿಂದಲೂ ಈ ಗುಹೆ ಇತ್ತು ಅಂತ ನಾನು ಅಂದ್ಕೊಂಡಿದ್ದೆ. ಇರಲಿಲ್ಲ.

1939ರಲ್ಲಿ ‘ಡಿಟೆಕ್ಟಿವ್ ಕಾಮಿಕ್ಸ್’ 27ನೇ ಸಂಚಿಕೆಯಲ್ಲಿ ಬ್ಯಾಟ್‌ಮನ್ ಬಂದಾಗ ಅವನಿಗೆ ಗುಹೆಯೇ ಇಲ್ಲ. ಶುರುವಿನ ವರ್ಷಗಳ ಕತೆಗಳಲ್ಲಿ ಇದ್ದದ್ದು ಮನೆಯಿಂದ ಹೊರಡೋ ಒಂದು ಸುರಂಗ, ಅದರ ಆ ತುದೀಲಿ ಧೂಳು ಹಿಡಿದ ಹಳೇ ಕೊಟ್ಟಿಗೆ. ಕಾರು ನಿಲ್ಲಿಸ್ತಿದ್ದದ್ದು ಅಲ್ಲೇ. 1942ರಲ್ಲಿ ‘ಬ್ಯಾಟ್‌ಮನ್’ 12ನೇ ಸಂಚಿಕೆಯಲ್ಲಿ ನೆಲದಡಿ ರಹಸ್ಯ ಹ್ಯಾಂಗರ್‌ಗಳಿವೆ ಅನ್ನೋ ಮಾತು ಬರುತ್ತೆ. ಅದನ್ನ ಬರೆದವರು ಬಿಲ್ ಫಿಂಗರ್. ಈ ಹೆಸರು ನೆನಪಿಟ್ಕೊಳ್ಳಿ.

ಮುಂದಿನ ವರ್ಷ, 1943ರಲ್ಲಿ, ಕೊಲಂಬಿಯಾ ಕಂಪನಿ ‘ಬ್ಯಾಟ್‌ಮನ್’ ಅಂತ 15 ಕಂತಿನ ಸಿನಿಮಾ ಸೀರಿಯಲ್ ಮಾಡ್ತು. ವಾರಕ್ಕೊಂದು ಕಂತು, ಥಿಯೇಟರಲ್ಲಿ. ಬಜೆಟ್ ಕಮ್ಮಿ. ಎರಡನೇ ಮಹಾಯುದ್ಧದ ಕಾಲ, ವಿಲನ್ ಒಬ್ಬ ಜಪಾನಿ, ಜಪಾನಿಯರ ಬಗ್ಗೆ ಅದರಲ್ಲಿರೋ ಮಾತುಗಳನ್ನ ಇವತ್ತು ಕೇಳೋಕೆ ಮುಜುಗರ ಆಗುತ್ತೆ. ಆದ್ರೆ ಅದೇ ಸೀರಿಯಲ್ಲಿನ ಎರಡನೇ ಕಂತಿನ ಹೆಸರು ‘ದಿ ಬ್ಯಾಟ್ಸ್ ಕೇವ್’. ದೊಡ್ಡ ಗಡಿಯಾರದ ಹಿಂದೆ ಗುಪ್ತ ದಾರಿ, ಕೆಳಗೆ ಹಾರಾಡೋ ಬಾವಲಿಗಳು. ನಮಗೆ ಗೊತ್ತಿರೋ ಗುಹೆ ಶುರುವಾಗಿದ್ದು ಕಾಮಿಕ್ಸಲ್ಲಲ್ಲ, ಇಲ್ಲಿ.

ಸೆಟ್ಟಿಗೆ ಹೋಗಿದ್ದ ಚಿತ್ರಕಾರ ಬಾಬ್ ಕೇನ್ ಈ ವಿಷಯ ಫಿಂಗರ್‌ಗೆ ಹೇಳಿದರು. ಆಗ ಪತ್ರಿಕೆಗಳಲ್ಲಿ ದಿನಾ ಬರೋ ಬ್ಯಾಟ್‌ಮನ್ ಸ್ಟ್ರಿಪ್ ಶುರುವಾಗ್ತಿತ್ತು. ಫಿಂಗರ್ ಸ್ಕ್ರಿಪ್ಟ್ ಜೊತೆಗೆ ‘ಪಾಪ್ಯುಲರ್ ಮೆಕ್ಯಾನಿಕ್ಸ್’ ಮ್ಯಾಗಜಿನ್‌ನ ಒಂದು ಕಟಿಂಗ್ ಕೂಡ ಕೊಟ್ಟರು. ನೆಲವನ್ನ ಸೀಳಿ ಒಳಗೆ ತೋರಿಸೋ ಥರದ ಚಿತ್ರ, ಭೂಮಿಯೊಳಗಿನ ಹ್ಯಾಂಗರ್‌ಗಳದ್ದು. ಅದನ್ನ ನೋಡ್ಕೊಂಡು ಕೇನ್ ಲ್ಯಾಬ್, ವರ್ಕ್‌ಶಾಪ್, ಗ್ಯಾರೇಜ್ ಎಲ್ಲ ಸೇರಿಸಿ ಬರೆದ ಚಿತ್ರ 1943ರ ಅಕ್ಟೋಬರ್ 29ರಂದು ಅಚ್ಚಾಯ್ತು. 1944ರ ಜನವರಿಯ ‘ಡಿಟೆಕ್ಟಿವ್ ಕಾಮಿಕ್ಸ್’ 83ರ ಹೊತ್ತಿಗೆ ಗುಹೆ ಕಾಮಿಕ್ ಪುಸ್ತಕಕ್ಕೂ ಬಂತು. ತಮಾಷೆ ಏನಂದ್ರೆ, ಅದುವರೆಗೆ ಗುಂಡಗಿದ್ದ ಬಟ್ಲರ್ ಆಲ್‌ಫ್ರೆಡ್ ಅದೇ ಸಂಚಿಕೆಯಲ್ಲಿ ತೆಳ್ಳಗಾಗಿಬಿಟ್ಟ. ಯಾಕೆ? ಸೀರಿಯಲ್ಲಿನ ನಟ ತೆಳ್ಳಗಿದ್ದ!

ಆಮೇಲೆ ಗುಹೆ ತುಂಬುತ್ತಾ ಹೋಯ್ತು. ಡೈನೋಸಾರ್ ಬಂದಿದ್ದು 1946ರ ಕತೆಯಿಂದ, ದೈತ್ಯ ಪೆನ್ನಿ ನಾಣ್ಯ 1947ರ ಕತೆಯಿಂದ. ಎರಡೂ ಫಿಂಗರ್ ಬರೆದವೇ. 1954ರಲ್ಲಿ ಗುಹೆಗೆ ಸ್ಥಳಪುರಾಣ ಕೂಡ ಸಿಕ್ತು. 300 ವರ್ಷ ಹಿಂದೆ ಜೆರೆಮಿ ಕೋ ಅನ್ನೋನು ಇದೇ ಗುಹೆಯಲ್ಲಿ ಅಡಗಿ ಕೆಲಸ ಮಾಡ್ತಿದ್ದ ಅಂತ.

1966ರ ಟಿವಿ ಶೋ ಗುಹೆಗೆ ಬಣ್ಣ ಬಳೀತು. ಕಂಬ ಹಿಡಿದು ಜಾರಿದ್ರೆ ಸಾಕು, ಕೆಳಗೆ ಇಳಿಯೋಷ್ಟರಲ್ಲಿ ಮೈಮೇಲೆ ಡ್ರೆಸ್. ಒಂದೊಂದು ಮಷಿನಿಗೂ ಹೆಸರಿನ ಬೋರ್ಡ್. ಕಾರು ಹೊರಗೆ ಬರೋ ಬಾಯಿ ಲಾಸ್ ಏಂಜಲೀಸ್‌ನ ಬ್ರಾನ್ಸನ್ ಕ್ಯಾನಿಯನ್‌ನಲ್ಲಿದೆ. ಅದು ನಿಜವಾದ ಗುಹೆ ಅಲ್ಲ, ಹಳೇ ಕಲ್ಲಿನ ಕ್ವಾರಿ.

ಶೋ ಮುಗಿದ ಮೇಲೆ ಕಾಮಿಕ್ಸ್‌ನವರಿಗೆ ಆ ನಗೆಚಾಟಿಕೆ ಸಾಕಾಯ್ತು. 1969ರ ಡಿಸೆಂಬರ್ ಸಂಚಿಕೆಯಲ್ಲಿ ರಾಬಿನ್ ಕಾಲೇಜಿಗೆ ಹೋಗ್ತಾನೆ, ಬ್ರೂಸ್ ಗುಹೆಗೆ ಬೀಗ ಹಾಕಿ ಸಿಟಿಯ ಪೆಂಟ್‌ಹೌಸ್ ಸೇರ್ತಾನೆ. ವರ್ಷಗಳಾದ ಮೇಲೆ ವಾಪಸ್ ಬರ್ತಾನೆ. 1988ರಲ್ಲಿ ಎರಡನೇ ರಾಬಿನ್ ಜೇಸನ್ ಟಾಡ್ ಸಾಯಬೇಕಾ ಬದುಕಬೇಕಾ ಅಂತ ಓದುಗರೇ ಫೋನ್ ಮಾಡಿ ವೋಟ್ ಹಾಕಿದರು. ಸಾಯಲಿ 5,343, ಬದುಕಲಿ 5,271. ಬರೀ 72 ವೋಟ್! ಆಮೇಲೆ ಅವನ ಡ್ರೆಸ್ ಗುಹೆಯ ಗಾಜಿನ ಪೆಟ್ಟಿಗೆ ಸೇರ್ತು. ಗೆದ್ದ ಸಾಮಾನುಗಳನ್ನ ಇಡ್ತಿದ್ದ ಜಾಗದಲ್ಲಿ ಒಂದು ಸೋಲು ಬಂದು ನಿಂತಿತು.

ಈಗ ಬಿಲ್ ಫಿಂಗರ್‌ಗೆ ವಾಪಸ್ ಬರೋಣ. ನಾನು ಬಿ.ಕಾಂ ಓದಿದ್ದು. ಅಲ್ಲಿ ಮೊದಲು ಕಲಿಸೋದೇ ಡೆಬಿಟ್ಟಿಗೆ ಎದುರು ಕ್ರೆಡಿಟ್ ಇರಲೇಬೇಕು ಅಂತ. ಈ ಗುಹೆಯ ಲೆಕ್ಕದಲ್ಲಿ ಅದು ಇರಲಿಲ್ಲ. ಒಪ್ಪಂದದ ಪ್ರಕಾರ ‘ಸೃಷ್ಟಿಕರ್ತ’ ಅಂತ ಬರ್ತಿದ್ದದ್ದು ಬಾಬ್ ಕೇನ್ ಹೆಸರೊಂದೇ. 1966ರ ಟಿವಿ ಶೋಗೆ ಫಿಂಗರ್ ಇನ್ನೊಬ್ಬರ ಜೊತೆ ಎರಡು ಕಂತು ಬರೆದರು. ಅಲ್ಲೂ ಅವರು ಬರಹಗಾರ ಅಷ್ಟೇ, ಸೃಷ್ಟಿಕರ್ತ ಅಲ್ಲ. 1974ರಲ್ಲಿ ತೀರಿಕೊಂಡರು. ಫಿಂಗರ್‌ಗೆ ಸಲ್ಲಬೇಕಾದ್ದು ಸಲ್ಲಲಿಲ್ಲ ಅಂತ ಕೇನ್ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದು 1989ರಲ್ಲಿ. ಆಗ ಕೇಳಿಸ್ಕೊಳ್ಳೋಕೆ ಫಿಂಗರ್ ಇರಲಿಲ್ಲ.

ಲೇಖಕ ಮಾರ್ಕ್ ಟೈಲರ್ ನೋಬಲ್‌ಮನ್ ಹಳೇ ಕಡತ ಕೆದಕಿ, ಫಿಂಗರ್ ಅವರ ಮೊಮ್ಮಗಳನ್ನ ಹುಡುಕಿದರು. ಕುಟುಂಬ ಪಟ್ಟು ಹಿಡೀತು. 2015ರ ಸೆಪ್ಟೆಂಬರ್‌ನಲ್ಲಿ ಡಿಸಿ ಕಂಪನಿ ಫಿಂಗರ್ ಹೆಸರು ಸೇರಿಸೋದಾಗಿ ಹೇಳ್ತು. ಅವರು ಸತ್ತು 41 ವರ್ಷ ಆಗಿತ್ತು.

ನಿಮ್ಮಲ್ಲಿ ಎಷ್ಟೋ ಜನ ರಾತ್ರಿಯಿಡೀ ಕೂತು ಪಿಪಿಟಿ ಮಾಡಿರ್ತೀರಿ, ಮೀಟಿಂಗಲ್ಲಿ ಬೇರೆಯವರ ಹೆಸರು ಕೇಳಿರ್ತೀರಿ. ನನಗೂ ಆಗಿದೆ. ಹಂಗಾಗಿ ಈ ಕತೆ ಓದುವಾಗ ಹೊಟ್ಟೆ ಉರೀತು. ಆದ್ರೆ ಒಂದು ಮಾತು ನಿಜ: ಆ ಮ್ಯಾಗಜಿನ್ ಕಟಿಂಗ್ ಕತೆಯನ್ನ ಯಾರೋ ನೆನಪಿಟ್ಟು ಹೇಳಿದ್ರಿಂದಲೇ ಇವತ್ತು ನಮಗೆ ಗೊತ್ತಾಗಿದೆ. ನಿಮ್ಮ ಟೀಮಲ್ಲಿ ಯಾರಾದ್ರೂ ಒಂದು ಒಳ್ಳೆ ಐಡಿಯಾ ಕೊಟ್ರೆ, ಅವರ ಹೆಸರು ಅವತ್ತೇ ಹೇಳಿಬಿಡಿ. 41 ವರ್ಷ ಕಾಯೋದು ಬೇಡ.

ಮುಂದಿನ ವಾರ ಸಿಗೋಣ.