ಬಿಡಿಭಾಗದ ಅಂಗಡಿ ಎಂಬ ಪಾಠಶಾಲೆ

ರೇಡಿಯೋ ಕೆಟ್ಟರೆ ಎಸೆಯುವ ಮಾತೇ ಇಲ್ಲದ ಕಾಲವೊಂದಿತ್ತು. ಪುಣೆ-ಬೆಂಗಳೂರು ಹೆದ್ದಾರಿಯ ಕಣಗಲಾದಂಥ ಊರಿನವರು ಅದನ್ನು ಸಂಕೇಶ್ವರಕ್ಕೋ ನಿಪ್ಪಾಣಿಗೋ ಒಯ್ದು ರಿಪೇರಿ ಮಾಡಿಸುತ್ತಿದ್ದರು. ರಿಪೇರಿ ಅಂಗಡಿಯಲ್ಲಿ ಉಸ್ತಾದರ ಪಕ್ಕ ಕುಳಿತ ಹುಡುಗ ಮೊದಲು ಬೆಸುಗೆ ಹಾಕಲು, ಆಮೇಲೆ ರೆಸಿಸ್ಟರಿನ ಬಣ್ಣದ ಪಟ್ಟಿಗಳನ್ನು ಓದಲು ಕಲಿಯುತ್ತಿದ್ದ. ಶಾಲೆ ಅರ್ಧಕ್ಕೆ ಬಿಟ್ಟ ಎಷ್ಟೋ ಮುಸ್ಲಿಂ ಹುಡುಗರಿಗೆ ಇದು ಅನ್ನದ ದಾರಿಯೂ ಆಯಿತು, ವಿದ್ಯೆಯೂ ಆಯಿತು.

ಈ ಕಸುಬಿಗೆ ಬೇಕಾದ ಸಾಮಾನು ನಮ್ಮ ರಾಜ್ಯದಲ್ಲೇ ತಯಾರಾಗುತ್ತಿತ್ತು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವುಗಳನ್ನೂ ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತು. ಅದೇ ನಗರದ ಎಸ್.ಪಿ. ರೋಡ್ ಬಿಡಿಭಾಗಗಳ ಪೇಟೆಯಾಗಿ ಬೆಳೆಯಿತು.

ಇಂಥ ಅಂಗಡಿಯ ಲೆಕ್ಕವೇ ಬೇರೆ. ಕೆಲವೇ ರೂಪಾಯಿಯ ಕೆಪಾಸಿಟರ್ ಕೇಳಿ ಬಂದವನಿಗೆ ಅಂಗಡಿಯವನು ಹತ್ತು ನಿಮಿಷ ಸರ್ಕ್ಯೂಟ್ ವಿವರಿಸುತ್ತಾನೆ. ಆ ಹತ್ತು ನಿಮಿಷಕ್ಕೆ ಬಿಲ್ಲಿಲ್ಲ. ಆದರೆ ಗಿರಾಕಿ ಮತ್ತೆ ಬರುವುದು ಅದಕ್ಕಾಗಿಯೇ. ಚದರಡಿಗೆ ಇಷ್ಟು ವ್ಯಾಪಾರ ಎಂದು ಅಳೆಯುವ ಮಾಲೀಕನ ಕಣ್ಣಿಗೆ ಇದು ಕಾಣುವುದಿಲ್ಲ.

ಆಸ್ಟ್ರೇಲಿಯಾದ ಒಂದು ಉದಾಹರಣೆ ನೋಡೋಣ. 1968ರಲ್ಲಿ ಡಿಕ್ ಸ್ಮಿತ್ ಎಂಬ ಯುವಕ ಸಿಡ್ನಿಯಲ್ಲಿ ಕೇವಲ 610 ಡಾಲರ್ ಬಂಡವಾಳದಿಂದ ಕಾರ್ ರೇಡಿಯೋ ಅಂಗಡಿ ತೆರೆದ. ಮುಂದೆ ಅದು ಹವ್ಯಾಸಿಗಳಿಗೆ ಬಿಡಿಭಾಗ ಒದಗಿಸುವ ದೊಡ್ಡ ಸಂಸ್ಥೆಯಾಯಿತು. 1980ರಲ್ಲಿ ವುಲ್‌ವರ್ತ್ಸ್ ಅದರ ಶೇ. 60ರಷ್ಟು ಪಾಲನ್ನೂ 1982ರಲ್ಲಿ ಉಳಿದದ್ದನ್ನೂ ಕೊಂಡಿತು. ಕ್ರಮೇಣ ಬಿಡಿಭಾಗಗಳ ಜಾಗಕ್ಕೆ ಟಿವಿ, ಮೊಬೈಲುಗಳು ಬಂದವು. ಅವು ಎಲ್ಲ ಅಂಗಡಿಗಳಲ್ಲೂ ಸಿಗುವಾಗ ಜನ ಇಲ್ಲಿಗೇ ಏಕೆ ಬರಬೇಕು? 2012ರಲ್ಲಿ ಸಂಸ್ಥೆ ಮತ್ತೆ ಮಾರಾಟವಾಯಿತು, 2013ರಲ್ಲಿ ಷೇರುಪೇಟೆಗೆ ಬಂತು, 2016ರಲ್ಲಿ ಮುನ್ನೂರಕ್ಕೂ ಹೆಚ್ಚು ಮಳಿಗೆಗಳು ಬಾಗಿಲು ಹಾಕಿದವು. ಆದರೆ ಬಿಡಿಭಾಗಗಳನ್ನು ಕೈಬಿಡದ ಜೇಕಾರ್ ಎಂಬ ಸಂಸ್ಥೆ ಅದೇ ದೇಶದಲ್ಲಿ ಉಳಿದುಕೊಂಡಿತು. ಕಾಲ ಬದಲಾಯಿತು ಎಂಬುದೊಂದೇ ಕಾರಣವಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಅದೇ ವುಲ್‌ವರ್ತ್ಸ್ 2006ರಲ್ಲಿ ಟಾಟಾ ಸಮೂಹದ ಕ್ರೋಮಾ ಮಳಿಗೆಗಳಿಗೆ ನೆರವಾಗಲು ಭಾರತಕ್ಕೆ ಬಂತು, 2012ರಲ್ಲಿ ಹಿಂದೆ ಸರಿಯಿತು. ಇಂಥ ಮಳಿಗೆಗಳಿಂದ ಗ್ರಾಹಕನಿಗೆ ಅನುಕೂಲವಾದದ್ದು ನಿಜ. ನಮ್ಮ ರಿಪೇರಿ ಅಂಗಡಿಗಳನ್ನು ಯಾವ ಕಂಪನಿಯೂ ಕೊಂಡುಕೊಳ್ಳಲಿಲ್ಲ. ಅಗ್ಗದ ಸಾಮಾನು, ಬಿಚ್ಚಲಾಗದ ಯಂತ್ರ, 'ಹೊಸದನ್ನೇ ತಗೊಳ್ಳಿ' ಎಂಬ ಸಲಹೆ ಇವೇ ಅವುಗಳ ಗಿರಾಕಿಯನ್ನು ಕಸಿದುಕೊಂಡವು.

2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕು' ಕುರಿತು ಸಮಿತಿ ರಚಿಸಿತು. ಹಕ್ಕು ಕಾಗದದಲ್ಲಿದ್ದರೆ ಸಾಲದು. ದುರಸ್ತಿ ಬಲ್ಲ ಕೈಗಳು ಊರಲ್ಲಿರಬೇಕು. ದುಂದುಗಾರಿಕೆಯನ್ನು ಪಾಪವೆಂದು ನಂಬುವ ಸಮುದಾಯ ರಿಪೇರಿಯ ಕಸುಬನ್ನು ಕೀಳೆಂದು ಕಾಣಬಾರದು. ನಮ್ಮ ಮೊಹಲ್ಲಾದ ಸಂಘಸಂಸ್ಥೆಗಳು ಉಳಿದಿರುವ ಹಿರಿಯ ಉಸ್ತಾದರನ್ನು ಕರೆಸಿ ನಾಲ್ಕು ಹುಡುಗ ಹುಡುಗಿಯರಿಗೆ ಕಲಿಸಲು ಹೇಳಲಿ. ಅವರ ಜೊತೆಗೇ ಈ ವಿದ್ಯೆಯೂ ಮಣ್ಣು ಸೇರದಿರಲಿ.